ನೀಲಾಂಜನೆಯ ಸ್ಥಾನಕ್ಕೆ ಬಂದವಳು

ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಕೇಳದ ಜೈನ ಕುಟುಂಬ ವಿರಳ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ನಿರೂಪಿಸಿದ ಈ ಕಥೆಯನ್ನು ಪಂಪನು ಕ್ರಿ.ಶ. 941ರಲ್ಲಿ ಕನ್ನಡಕ್ಕೆ ತಂದನು. ವೃಷಭದೇವನ ಸಭೆಯಲ್ಲಿ ದೇವನರ್ತಕಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ಮಿಂಚಿನಂತೆ ಅವಳು ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳನ್ನು ಹೋಲುವ ಮತ್ತೊಬ್ಬಳನ್ನು ಅದೇ ಸ್ಥಾನದಲ್ಲಿ ನಿಲ್ಲಿಸುತ್ತಾನೆ. ಅದೇ ರೂಪ, ಅದೇ ಲಯ, ಅದೇ ಹಾವಭಾವ. ಸಭಿಕರಿಗೆ ಯಾವ ಬದಲಾವಣೆಯೂ ತಿಳಿಯದು. ವೃಷಭದೇವನೊಬ್ಬನು ಮಾತ್ರ ಅದನ್ನು ಕಂಡನು. ಕಂಡು ಸಂಸಾರದ ಅನಿತ್ಯತೆಯನ್ನು ಅರಿತು ವಿರಕ್ತನಾದನು.

ಈ ಪ್ರಸಂಗವನ್ನು ವಿವರಿಸುವಾಗ ನಾವು ಮರೆಯಾದ ನೀಲಾಂಜನೆಯ ಕುರಿತು ಮಾತನಾಡುತ್ತೇವೆ, ಅರಿತ ವೃಷಭದೇವನ ಕುರಿತು ಮಾತನಾಡುತ್ತೇವೆ, ಎಲ್ಲವನ್ನೂ ಯೋಜಿಸಿದ ಇಂದ್ರನ ಕುರಿತೂ ಮಾತನಾಡುತ್ತೇವೆ. ಆದರೆ ಅವಳ ಸ್ಥಾನಕ್ಕೆ ಬಂದು ನಿಂತು ನರ್ತನವನ್ನು ಮುಂದುವರಿಸಿದ ಆ ಎರಡನೆಯವಳ ಕುರಿತು ಯಾರೂ ವಿಚಾರಿಸುವುದಿಲ್ಲ. ಅವಳ ಹೆಸರನ್ನು ನಾವು ಕೇಳುವುದೂ ಇಲ್ಲ. ಒಬ್ಬರ ಸ್ಥಾನಕ್ಕೆ ಮತ್ತೊಬ್ಬರು ಬಂದಾಗ ಬಂದವರ ವಿಷಯದಲ್ಲಿ ನಮ್ಮ ಕರ್ತವ್ಯವೇನು ಎಂಬುದೇ ಈ ಲೇಖನದ ವಿಚಾರ.

ಈ ಪ್ರಶ್ನೆ ನನ್ನ ಮನಸ್ಸಿಗೆ ಬಂದುದು ಗ್ರಂಥಾವಲೋಕನದಿಂದಲ್ಲ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿರುವ ನನ್ನ ಬಂಧುಗಳ ಮನೆಯ ಜಗಲಿಯಲ್ಲಿ. ನನ್ನ ಸೋದರಳಿಯನು ಮೊಬೈಲ್ ಫೋನಿನಲ್ಲಿ ಕಂತುಕಂತಾಗಿ ಬರುವ ಧ್ವನಿನಾಟಕವೊಂದರ ಅಭಿಮಾನಿ. ಅದರ ಹೊಸ ಭಾಗ ಬಿಡುಗಡೆಯಾಗುವುದಿತ್ತು. ಆದರೆ ನಾಯಕನ ಪಾತ್ರಕ್ಕೆ ಧ್ವನಿ ನೀಡುತ್ತಿದ್ದ ಕಲಾವಿದನ ಬದಲು ಬೇರೊಬ್ಬನು ಬರುವನೆಂದು ಮೊದಲೇ ತಿಳಿಸಿದ್ದರು. ಹುಡುಗನಿಗೂ ಅವನ ಗೆಳೆಯರಿಗೂ ಅದೇ ಚಿಂತೆ, ಅದೇ ಚರ್ಚೆ.

“ಹೊಸಬನದು ಏನೂ ಚೆನ್ನಾಗಿಲ್ಲ, ಮಾವ. ಆ ಪಾತ್ರ ಹಳಬರದೇ” ಎಂದನು.

“ಹೊಸಬನ ಧ್ವನಿಯನ್ನು ಕೇಳಿದೆಯೇನಪ್ಪ?”

“ಇನ್ನೂ ಬಿಡುಗಡೆಯಾಗಿಲ್ಲವಲ್ಲ, ಮಾವ.”

ನಾನು ನಕ್ಕೆ. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುವೆನು.

ಧ್ವನಿಯನ್ನು ನಂಬಿ ಬದುಕುವ ನಾಟಕ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದರು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ತೆರೆದ ಮೇಲೆ ಸಾಸ್ವೆಹಳ್ಳಿಯಂತಹ ಊರುಗಳಿಗೆ ಅದು ನೆರೆಮನೆಯ ಧ್ವನಿಯಾಯಿತು. ರಂಗದ ಮೇಲಿನ ನಟನಿಗೆ ವೇಷಭೂಷಣಗಳಿವೆ, ಬಣ್ಣವಿದೆ, ಕಿರೀಟವಿದೆ. ನಟ ಬದಲಾದರೂ ಕಿರೀಟವನ್ನು ನೋಡಿ ‘ಇವನೇ ದುರ್ಯೋಧನ’ ಎಂದು ಒಪ್ಪಿಕೊಳ್ಳಬಹುದು. ಬಾನುಲಿಯ ನಟನಿಗಾದರೋ ಧ್ವನಿಯೊಂದೇ ದೇಹ. ಧ್ವನಿ ಬದಲಾಯಿತೆಂದರೆ ಕೇಳುವವನ ಪಾಲಿಗೆ ಆ ಮನುಷ್ಯನೇ ಹೋದಂತೆ. ಆದುದರಿಂದ ಹುಡುಗನ ದುಃಖವನ್ನು ಹುಡುಗಾಟವೆಂದು ತಳ್ಳಿಹಾಕಲಾಗದು.

ಇಡೀ ಕನ್ನಡನಾಡು ಇದೇ ದುಃಖವನ್ನು ಅನುಭವಿಸಿದ ಸಂದರ್ಭವೊಂದು ನಮ್ಮ ನೆನಪಿನಲ್ಲಿದೆ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಅಕಾಲ ಮರಣಕ್ಕೀಡಾದಾಗ ಅವರ ‘ಜೇಮ್ಸ್’ ಚಿತ್ರಕ್ಕೆ ಧ್ವನಿ ನೀಡುವ ಕೆಲಸ ಉಳಿದಿತ್ತು. ಅವರ ಅಣ್ಣ ಶಿವರಾಜ್‌ಕುಮಾರ್ ಆ ಪಾತ್ರಕ್ಕೆ ಧ್ವನಿಯಾದರು. ತಮ್ಮನ ಜನ್ಮದಿನವಾದ 2022ರ ಮಾರ್ಚ್ 17ರಂದು ಚಿತ್ರ ತೆರೆಕಂಡಿತು. ಮುಖ ತಮ್ಮನದು, ಧ್ವನಿ ಅಣ್ಣನದು. ಮುಂದಿನ ತಿಂಗಳು, ಏಪ್ರಿಲ್ 22ರಂದು, ತಂತ್ರಜ್ಞಾನದ ನೆರವಿನಿಂದ ಪುನೀತರ ಧ್ವನಿಯನ್ನೇ ಮರಳಿ ಮೂಡಿಸಿ ಅದೇ ಚಿತ್ರವನ್ನು ಮತ್ತೊಮ್ಮೆ ತೆರೆಗೆ ತಂದರು. ಜನ ಕಾದರು, ಕಳೆದುಕೊಂಡ ಧ್ವನಿಯನ್ನು ಇನ್ನೊಮ್ಮೆ ಕೇಳಬೇಕೆಂಬ ಹಂಬಲ ಅಷ್ಟು ಬಲವಾಗಿತ್ತು. ಈ ಹಂಬಲದಲ್ಲಿ ಪ್ರೀತಿಯಿದೆ. ಅದನ್ನು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ತಮ್ಮನನ್ನು ಕಳೆದುಕೊಂಡ ಅಣ್ಣನೊಬ್ಬನು ತಮ್ಮನ ಮುಖವನ್ನು ನೋಡುತ್ತ, ತಮ್ಮನ ತುಟಿಯ ಚಲನೆಗೆ ತನ್ನ ಧ್ವನಿಯನ್ನು ಹೊಂದಿಸುವುದೆಂದರೆ ಎಂತಹ ಕೆಲಸ! ‘ಇದು ಅವರ ಧ್ವನಿಯಲ್ಲ’ ಎಂದು ಹೇಳುವುದು ಸುಲಭ. ‘ಇದು ಯಾರ ಧ್ವನಿ, ಯಾವ ನೋವಿನಿಂದ ಬಂದ ಧ್ವನಿ’ ಎಂದು ಕೇಳಿಕೊಳ್ಳುವುದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಪರದೇಶದ ನಿದರ್ಶನವೊಂದನ್ನೂ ನೋಡಬಹುದು. ಇಂಗ್ಲೆಂಡಿನ ಬಿಬಿಸಿ 1951ರಿಂದ ಇಂದಿನವರೆಗೂ ಪ್ರಸಾರ ಮಾಡುತ್ತಿರುವ ‘ದಿ ಆರ್ಚರ್ಸ್’ ಎಂಬ ಬಾನುಲಿ ಧಾರಾವಾಹಿ ಒಂದು ರೈತ ಕುಟುಂಬದ ಕಥೆ. ಅದರ ಮನೆಯ ಹಿರಿಯ ಡ್ಯಾನ್ ಆರ್ಚರ್ ಎಂಬ ಪಾತ್ರಕ್ಕೆ 1986ರಲ್ಲಿ ಕಥೆಯೊಳಗೆ ಆ ಹಿರಿಯನು ಸಾಯುವವರೆಗೆ ಒಬ್ಬರ ಬಳಿಕ ಒಬ್ಬರಂತೆ ನಾಲ್ವರು ನಟರು ಧ್ವನಿ ನೀಡಿದರು. ನಾಲ್ಕು ಕೊರಳು, ಒಬ್ಬನೇ ರೈತ. ಕೇಳುಗರು ಪ್ರತಿಸಲವೂ ಹೊಸ ಕೊರಳಿಗೆ ಕಿವಿಯನ್ನು ಒಗ್ಗಿಸಿಕೊಂಡುದರಿಂದಲೇ ಆ ಮನುಷ್ಯನು ಅಷ್ಟು ಕಾಲ ಬದುಕಿದನು.

ನಮ್ಮಲ್ಲಿಯೂ ಇಂತಹ ಸಂಕ್ರಮಣವೊಂದು ನಡೆದಿದೆ. ಡಾ. ರಾಜ್‌ಕುಮಾರ್ ಅವರ ಹಾಡುಗಳಿಗೆ ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರ ಕಂಠವಿತ್ತು. ಆ ಮುಖಕ್ಕೆ ಆ ಕಂಠವೇ ಸಹಜವೆಂದು ಒಂದು ತಲೆಮಾರು ಭಾವಿಸಿತ್ತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಅವರು ಹಾಡಿದ ಮೇಲೆ ಕ್ರಮೇಣ ತಮ್ಮ ಹಾಡುಗಳಿಗೆ ತಾವೇ ಕಂಠವಾದರು. ಮುಂದೆ ‘ಜೀವನ ಚೈತ್ರ’ದ ಗಾಯನಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಈಗ ಕೇಳುವವರಿಗೆ ಎರಡೂ ಕಂಠಗಳು ಪ್ರಿಯವೇ. ಒಂದನ್ನು ಮೆಚ್ಚುವುದಕ್ಕಾಗಿ ಮತ್ತೊಂದನ್ನು ಹಳಿಯಬೇಕಾದ ಅಗತ್ಯ ನಿಜಕ್ಕೂ ಇರಲಿಲ್ಲ.

ಈಗ ಶಾಸ್ತ್ರದೃಷ್ಟಿಯಿಂದ ನೋಡೋಣ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ: ಬೇಡವಾದುದು ಬಂದೊದಗಿದಾಗ ಅದು ತೊಲಗಲೆಂಬ ಚಿಂತೆ, ಬೇಕಾದುದು ಅಗಲಿದಾಗ ಅದು ಮರಳಲೆಂಬ ಚಿಂತೆ, ವೇದನೆಯ ಚಿಂತೆ, ಮುಂದೆ ಇಂತಹುದೇ ದೊರೆಯಬೇಕೆಂಬ ನಿದಾನ. ಮೆಚ್ಚಿನ ಕಲಾವಿದನು ಹೋಗಿ ಹೊಸಬನು ಬರುವುದನ್ನು ಕಾಯುವ ಅಭಿಮಾನಿಯ ಮನಸ್ಸಿನಲ್ಲಿ ಈ ನಾಲ್ಕೂ ಒಟ್ಟಿಗೆ ನೆಲೆಸುತ್ತವೆ. ಹಳಬನು ಅಗಲಿದ್ದಾನೆ, ಹೊಸಬನು ಒದಗಿದ್ದಾನೆ, ಮನಸ್ಸು ನೋಯುತ್ತಿದೆ, ಇನ್ನೂ ಬಾರದ ನಾಟಕ ಹೀಗೆಯೇ ಇರಬೇಕೆಂದು ಹಟ ಹಿಡಿದಿದೆ. ಕೇವಲ ಮನರಂಜನೆಯೆಂದು ನಾವು ತಿಳಿದಿರುವ ಸಂಗತಿಯೊಳಗೆ ರಾಗದ್ವೇಷಗಳು ಹೀಗೆ ಸದ್ದಿಲ್ಲದೆ ಬೇರುಬಿಡುತ್ತವೆ.

ಆದರೆ ಶೋಕಿಸುವವನನ್ನು ಗದರಿಸಿ ಸುಮ್ಮನಾಗಿಸುವುದು ನಮ್ಮ ಆಚಾರ್ಯರ ಮಾರ್ಗವಲ್ಲ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಟ್ಟಿರುವ ದೃಷ್ಟಾಂತ ಪ್ರಸಿದ್ಧವಾದುದು. ಒಬ್ಬನಿಗೆ ಚಿನ್ನದ ಕಲಶ ಬೇಕು, ಮತ್ತೊಬ್ಬನಿಗೆ ಚಿನ್ನದ ಕಿರೀಟ, ಮೂರನೆಯವನಿಗೆ ಚಿನ್ನ ಮಾತ್ರ. ಕಲಶವನ್ನು ಕರಗಿಸಿ ಕಿರೀಟ ಮಾಡಿದರೆ ಮೊದಲಿನವನಿಗೆ ಶೋಕ, ಎರಡನೆಯವನಿಗೆ ಹರ್ಷ, ಮೂರನೆಯವನಿಗೆ ಮಾಧ್ಯಸ್ಥ್ಯ. ಆಚಾರ್ಯರ ಮಾತಿನ ಸ್ವಾರಸ್ಯವೆಂದರೆ ಈ ಮೂರು ಭಾವಗಳಿಗೂ ಕಾರಣವುಂಟೆಂದು ಅವರು ಒಪ್ಪುತ್ತಾರೆ. ಕಲಶ ಹೋದುದು ಸುಳ್ಳಲ್ಲ. ಆದ್ದರಿಂದ ಶೋಕವೂ ಸುಳ್ಳಲ್ಲ. ಪರ್ಯಾಯ ನಿಜವಾಗಿಯೂ ಅಳಿಯುತ್ತದೆ, ದ್ರವ್ಯ ನಿಜವಾಗಿಯೂ ಉಳಿಯುತ್ತದೆ. ನಾಟಕದಲ್ಲಿ ಹಳೆಯ ಧ್ವನಿ ಅಳಿದುದು ನಿಜ, ಕಥೆ ಉಳಿದುದೂ ನಿಜ.

ಈ ದೃಷ್ಟಾಂತವನ್ನು ಇಲ್ಲಿಗೆ ಅನ್ವಯಿಸುವಾಗ ಒಂದು ಎಚ್ಚರ ಅಗತ್ಯ. ಕಿರೀಟಕ್ಕೆ ನೋವಿಲ್ಲ. ‘ನೀನು ಕಲಶವಲ್ಲ’ ಎಂದು ಅದನ್ನು ದೂರಿದರೆ ಅದು ಬಾಡುವುದಿಲ್ಲ. ಸ್ಥಾನಕ್ಕೆ ಬಂದ ಮನುಷ್ಯನಾದರೋ ಜೀವ, ಅವನಿಗೆ ನೋವುಂಟು. ಆದುದರಿಂದ ಇಲ್ಲಿ ಚಿನ್ನದ ವ್ಯಾಪಾರಿಯ ಮಾಧ್ಯಸ್ಥ್ಯವೊಂದೇ ಸಾಲದು, ಅಹಿಂಸೆಯೂ ಬೇಕು. ಕೇಳದೆಯೇ ತೀರ್ಪು ನೀಡುವುದು, ಅವನು ಮಾಡಿದುದನ್ನು ನೋಡದೆ ಅವನು ಯಾರಲ್ಲವೆಂಬುದನ್ನೇ ಎಣಿಸುವುದು, ಇವು ಕೈಯೆತ್ತದೆ ಮಾಡುವ ಹಿಂಸೆಗಳು.

ಬದಲಿಯನ್ನು ತರುವವರಿಗೂ ಧರ್ಮವಿದೆ. ಇಂದ್ರನು ಸಭಿಕರಿಂದ ಬದಲಾವಣೆಯನ್ನು ಮರೆಮಾಡಿದನು. ಅವನ ಉದ್ದೇಶ ವೃಷಭದೇವನ ವೈರಾಗ್ಯವಾಗಿತ್ತು. ಗೃಹಸ್ಥರಾದ ನಮಗೆ ಆ ಸ್ವಾತಂತ್ರ್ಯವಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವನ್ನು ಎಣಿಸಿದೆ, ಅಂದರೆ ಅಸಲನ್ನು ಹೋಲುವ ನಕಲನ್ನು ಅಸಲೆಂದು ಮಾರುವುದು. ತುಪ್ಪಕ್ಕೂ ಚಿನ್ನಕ್ಕೂ ಹೇಳಿದ ಈ ಮಾತು ಯಂತ್ರವು ಮನುಷ್ಯನ ಧ್ವನಿಯನ್ನು ಅನುಕರಿಸಬಲ್ಲ ಈ ಕಾಲಕ್ಕೆ ನೇರವಾಗಿ ಅನ್ವಯಿಸುತ್ತದೆ. ‘ಜೇಮ್ಸ್’ ಚಿತ್ರದಲ್ಲಿ ಅಣ್ಣನು ಧ್ವನಿ ನೀಡಿದುದನ್ನೂ ತಂತ್ರಜ್ಞಾನದಿಂದ ಧ್ವನಿ ಮೂಡಿಸಿದುದನ್ನೂ ಜನರಿಗೆ ತಿಳಿಸಿಯೇ ಮಾಡಿದರು, ಅಲ್ಲಿ ಮರೆಮಾಚುವಿಕೆಯಿರಲಿಲ್ಲ. ಆದರೆ ಒಬ್ಬ ಕಲಾವಿದನ ಒಪ್ಪಿಗೆಯಿಲ್ಲದೆ, ಅವನು ಗತಿಸಿದ್ದರೆ ಅವನ ಮನೆಯವರ ಸಮ್ಮತಿಯಿಲ್ಲದೆ ಅವನ ಧ್ವನಿಯನ್ನು ನಕಲು ಮಾಡಿ ‘ಇವನೇ ಅವನು’ ಎಂದು ಕೇಳಿಸಿದರೆ ಅದು ಕೊಡದುದನ್ನು ತೆಗೆದುಕೊಂಡಂತೆ, ಅದತ್ತಾದಾನವೇ ಸರಿ. ಅದರಲ್ಲಿ ಕೇಳುಗನಿಗೆ ವಂಚನೆ, ಕಲಾವಿದನಿಗೆ ಚೌರ್ಯ. ‘ಇವರು ಹೋದರು, ಇವರು ಬಂದಿದ್ದಾರೆ’ ಎಂದು ಮೊದಲೇ ಸಾರಿದ ಆ ಧ್ವನಿನಾಟಕದವರು ಈ ದೃಷ್ಟಿಯಿಂದ ಸರಿಯಾಗಿಯೇ ನಡೆದುಕೊಂಡರು. ಸತ್ಯವನ್ನು ಹೇಳಿದುದಕ್ಕಾಗಿಯೇ ಹೊಸಬನು ದೂರಿಗೆ ಗುರಿಯಾದನೆಂಬುದು ವಿಷಾದದ ಸಂಗತಿ. ಕೇಳುಗರು ಸತ್ಯವನ್ನು ಹೀಗೆ ದಂಡಿಸಿದರೆ ನಾಳೆ ಯಾರು ತಾನೆ ಸತ್ಯ ಹೇಳುವರು?

ಇನ್ನು ನನ್ನ ನಗು ಉಳಿಯದ ಕಾರಣ. ಆ ಹುಡುಗನ ತಾಯಿ, ನನ್ನ ತಂಗಿ, ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಳು. ಕೆಲವು ವರ್ಷಗಳ ಬಳಿಕ ಭಾವನವರು ಮರುಮದುವೆಯಾದರು. ಬಂದಾಕೆ ಸೌಮ್ಯ ಸ್ವಭಾವದವರು. ನನ್ನನ್ನು ‘ಅಣ್ಣಾ’ ಎಂದೇ ಕರೆಯುತ್ತಾರೆ. ಆದರೆ ಮೊದಲ ಒಂದೆರಡು ವರ್ಷ ನಾನು ಆ ಮನೆಗೆ ಹೋದಾಗಲೆಲ್ಲ ಆಕೆ ಬಡಿಸಿದ ಸಾರಿನಲ್ಲಿ ತಂಗಿಯ ಕೈರುಚಿಯನ್ನು ಹುಡುಕುತ್ತಿದ್ದೆ. ಸಿಗದಾಗ ಮುಖ ಬಿಗಿದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಂದು ಜಗಲಿಯಲ್ಲಿ ನಾವು ಮಾತನಾಡುತ್ತಿದ್ದಾಗ ಆಕೆ ಒಳಗಿನಿಂದ ಮಜ್ಜಿಗೆ ತಂದಿಟ್ಟರು. ಹುಡುಗನ ಮಾತು ಕೇಳಿಸಿತ್ತು. ಮೆಲ್ಲನೆ ಹೇಳಿದರು:

“ಬಂದವರು ಮೊದಲಿನವರಾಗಬೇಕೆಂದು ಬಂದಿರುವುದಿಲ್ಲ, ಅಣ್ಣಾ. ಕೆಲಸ ನಿಲ್ಲಬಾರದೆಂದು ಬಂದಿರುತ್ತಾರೆ.”

ಧ್ವನಿನಾಟಕದ ಕುರಿತೇ ಆಡಿದ ಮಾತಿರಬಹುದು. ಹುಡುಗನು ತಲೆ ತಗ್ಗಿಸಿ, “ಹಾಗಲ್ಲ, ಚಿಕ್ಕಮ್ಮ...” ಎಂದು ನಿಲ್ಲಿಸಿದನು. ನನಗಂತೂ ಉತ್ತರ ಹೊಳೆಯಲಿಲ್ಲ. ಇನ್ನೂ ಬಿಡುಗಡೆಯಾಗದ ನಾಟಕಕ್ಕೆ ತೀರ್ಪಿತ್ತ ಹುಡುಗನನ್ನು ನೋಡಿ ನಕ್ಕ ನಾನು ಒಂದೆರಡು ವರ್ಷ ಮಾಡಿದುದೂ ಅದನ್ನೇ ಅಲ್ಲವೇ?

ನಮ್ಮ ಬಸದಿಗಳಲ್ಲಿಯೂ ಟ್ರಸ್ಟುಗಳಲ್ಲಿಯೂ ಇದು ನಿತ್ಯದ ಸಂಗತಿ. ದೀರ್ಘಕಾಲ ಪೂಜೆ ಮಾಡಿದ ಪುರೋಹಿತರು ನಿವೃತ್ತರಾಗುತ್ತಾರೆ, ಕಿರಿಯರು ಬರುತ್ತಾರೆ. ‘ಅವರ ಮಂತ್ರೋಚ್ಚಾರಣೆಯ ಗಾಂಭೀರ್ಯ ಇವರಿಗೆಲ್ಲಿ’ ಎನ್ನುತ್ತೇವೆ. ಹಿರಿಯ ಅಧ್ಯಕ್ಷರ ಸ್ಥಾನಕ್ಕೆ ಹೊಸಬರು ಬಂದರೆ ಮೊದಲ ಸಭೆಯಲ್ಲಿಯೇ ಹೋಲಿಕೆ ಆರಂಭವಾಗುತ್ತದೆ. ಹಳಬರ ಗುಣಸ್ಮರಣೆ ತಪ್ಪಲ್ಲ, ಅದು ಕೃತಜ್ಞತೆ. ಆದರೆ ಹೊಸಬರ ಎದುರಿನಲ್ಲಿ ಅದನ್ನು ಚಾಟಿಯಂತೆ ಬಳಸಿದರೆ ಹಳಬರಿಗೂ ಗೌರವವಲ್ಲ. ಅವರು ನಡೆಸಿಕೊಂಡು ಬಂದ ಕಾರ್ಯ ಮುಂದುವರಿಯಲೆಂಬುದಲ್ಲವೇ ಅವರ ಇಚ್ಛೆಯೂ?

ಹಾಗಾದರೆ ಕರ್ತವ್ಯವೇನು? ಬದಲಾವಣೆಯನ್ನು ಮಾಡುವವರು ಅದನ್ನು ಮುಚ್ಚದಿರಲಿ. ಹೋದವರನ್ನು ಪ್ರೀತಿಸಿದವರು ತಮ್ಮ ಶೋಕಕ್ಕೆ ನಾಚದಿರಲಿ, ಆದರೆ ಅದರ ಋಣವನ್ನು ಬಂದವರಿಂದ ವಸೂಲು ಮಾಡದಿರಲಿ. ಬಂದವರ ಮಾತನ್ನು ಪೂರ್ತಿಯಾಗಿ ಕೇಳಲಿ. ಕೇಳಿದ ಮೇಲೆ ಗುಣವಿದ್ದರೆ ಗುಣ, ದೋಷವಿದ್ದರೆ ದೋಷ. ದೋಷವನ್ನು ಹೇಳುವುದೂ ನ್ಯಾಯವೇ, ಅದು ಅವರದೇ ದೋಷವಾಗಿದ್ದರೆ. ‘ಅವರಲ್ಲ’ ಎಂಬುದು ಮಾತ್ರ ಯಾರ ದೋಷವೂ ಅಲ್ಲ.

ಸಾಸ್ವೆಹಳ್ಳಿಯಿಂದ ಹೊರಡುವಾಗ ಸೋದರಳಿಯನು ಬಸ್ಸಿನವರೆಗೆ ಬಂದನು. “ಬಿಡುಗಡೆಯಾದ ಮೇಲೆ ಎರಡು ಕಂತು ಕೇಳಿಯೇ ಹೇಳುತ್ತೇನೆ, ಮಾವ” ಎಂದನು. ನಾನೂ ನನ್ನ ಪಾಲಿನದನ್ನು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಂಡೆ. ಮುಂದಿನ ಸಲ ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ಸಾರಿನಲ್ಲಿ ತಂಗಿಯನ್ನು ಹುಡುಕಬಾರದು. ಬಡಿಸಿದಾಕೆಯ ಕೈರುಚಿಯನ್ನು ಅರಿಯಬೇಕು. ನೀಲಾಂಜನೆಯ ಕಥೆಯನ್ನು ಮಕ್ಕಳಿಗೆ ಹೇಳುವಾಗ ಓದುಗರೂ ಒಂದು ಗಳಿಗೆ ನಿಂತು, ನರ್ತನವನ್ನು ನಿಲ್ಲಗೊಡದೆ ಮುಂದುವರಿಸಿದ ಆ ಹೆಸರಿಲ್ಲದವಳನ್ನೂ ನೆನೆಯಲೆಂದು ನನ್ನ ಬಿನ್ನಹ.