ಇಂದಿನ ಧಮ್ಮ ಚಿಂತನೆ: ಪಟ್ಟಿಯಿಂದ ಹೊಡೆದುಹಾಕಿದ ಹೆಸರು



ಧಮ್ಮ ಬಂಧುಗಳೇ, ಇವತ್ತು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಳೆಗಾಲ ಮುಗಿದ ಮೇಲೆ ನಮ್ಮ ಅಧ್ಯಯನ ಕೂಟದವರೆಲ್ಲ ಸೇರಿ ಕುಮಾರಪರ್ವತ ಹತ್ತಬೇಕೆಂದು ಮಾತಾಗಿದೆ. ಏರ್ಪಾಡಿನ ಹೊಣೆ ನನ್ನದು. ಅದು ಪುಷ್ಪಗಿರಿ ವನ್ಯಜೀವಿಧಾಮದೊಳಗಿನ ಬೆಟ್ಟ, ಎತ್ತರ 1712 ಮೀಟರ್. ಕುಕ್ಕೆ ಕಡೆಯಿಂದ ಹೊರಟರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಹೋಗಿ ಬರುವ ದಾರಿ 20 ಕಿಲೋಮೀಟರ್ ಮೀರುತ್ತದೆ. ಮೊದಲು ದಟ್ಟ ಕಾಡು. ಗಿರಿಗದ್ದೆ ದಾಟಿದ ಮೇಲೆ ನೆರಳೇ ಇಲ್ಲದ ಹುಲ್ಲುಗುಡ್ಡ. ಆಮೇಲೆ ಕಲ್ಲುಮಂಟಪ, ಶೇಷಪರ್ವತ, ಮತ್ತೆ ಕಾಡು, ಕೊನೆಗೆ ಜಾರುವ ಬಂಡೆ. ಮೇಲೆ ಯಾರದಾದರೂ ಕಾಲು ಉಳುಕಿದರೆ ಹೊತ್ತುಕೊಂಡೇ ಇಳಿಸಬೇಕು. ಅರಣ್ಯ ಇಲಾಖೆಯ ಅನುಮತಿಗೆ ಹೆಸರುಗಳನ್ನು ಮುಂಚಿತವಾಗಿ ಕೊಡಬೇಕು.

ಹಾಗಾಗಿ ಒಂದು ರಾತ್ರಿ ಕೂತು ಹೆಸರು ಬರೆದೆ. ಹನ್ನೊಂದು ಜನ. ಬರೆದ ಮೇಲೆ ಒಂದು ಹೆಸರಿನ ಮೇಲೆ ಗೆರೆ ಎಳೆದೆ. ನಮ್ಮ ಕೂಟದ ಒಬ್ಬ ಅಕ್ಕನ ಹೆಸರು ಅದು. ಅಂಗನವಾಡಿ ಸಹಾಯಕಿ, ವಯಸ್ಸು ಐವತ್ತಾರು, ಹೋದ ವರ್ಷ ಮಂಡಿ ನೋವೆಂದು ಆಸ್ಪತ್ರೆಗೆ ಅಲೆದವರು. ಅವರ ಒಳ್ಳೆಯದಕ್ಕೇ ಬಿಟ್ಟೆ ಅಂದುಕೊಂಡೆ. ಅವರಿಗೆ ಹೇಳಲೂ ಇಲ್ಲ.

ಭಾನುವಾರ ವಂದನೆ ಮುಗಿದ ಮೇಲೆ ಅವರೇ ಬಂದು ಕೇಳಿದರು.

"ಮೇಷ್ಟ್ರೇ, ಪಟ್ಟೀಲಿ ನನ್ನ ಹೆಸರಿಲ್ವಂತೆ?"

"ನಿಮ್ಮ ಮಂಡಿ ನೋವಿಗೆ ಆಗಲ್ಲ ಅಂತ ಬಿಟ್ಟೆ ಅಕ್ಕ."

"ಮಂಡಿ ನಂದು ಮೇಷ್ಟ್ರೇ. ನನ್ನನ್ನ ಒಂದು ಮಾತು ಕೇಳಬೇಕಿತ್ತು."

ಅಷ್ಟೇ ಹೇಳಿ ಚಾಪೆ ಮಡಿಸಲು ಹೋದರು. ಸಿಟ್ಟೂ ಮಾಡಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಳನೇ ತರಗತಿಯ ನೆನಪು ಬಂತು. ಶಾಲೆಯಿಂದ ಪ್ರವಾಸ ಹೊರಟಿತ್ತು. ಪಟ್ಟಿ ಓದಿದಾಗ ನನ್ನ ಹೆಸರೂ ಇರಲಿಲ್ಲ, ನಮ್ಮ ಕೇರಿಯ ಇನ್ನಿಬ್ಬರ ಹೆಸರೂ ಇರಲಿಲ್ಲ. "ಪಾಪ, ದುಡ್ಡು ಕಟ್ಟೋಕೆ ನಿಮಗೆ ಕಷ್ಟ ಆಗುತ್ತೆ ಅಂತ ಬರೆಯಲಿಲ್ಲ" ಅಂದರು ಮೇಷ್ಟ್ರು. ದನಿಯಲ್ಲಿ ಕನಿಕರವೇ ಇತ್ತು. ಅಪ್ಪ ಕಬ್ಬು ಕಡಿದ ಕೂಲಿಯಲ್ಲಿ ಆ ದುಡ್ಡನ್ನು ಎತ್ತಿಟ್ಟು ಹದಿನೈದು ದಿನ ಆಗಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಆ ಗೆರೆಯನ್ನು ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡವನು, ಅದೇ ಗೆರೆಯನ್ನು ನನ್ನ ಕೈಯಿಂದಲೇ ಎಳೆದಿದ್ದೆ.

ಮುಂದಿನ ವಾರ ಇದನ್ನೇ ಚರ್ಚೆಗೆ ಇಟ್ಟೆ. ಒಬ್ಬ ಹುಡುಗ ನೇರವಾಗಿ ಕೇಳಿದ: "ಸರ್, ಬೆಟ್ಟಕ್ಕೆ ಸಮಾನತೆ ಗೊತ್ತಿಲ್ಲ. ಬಂಡೆ ಮೇಲೆ ಅಕ್ಕನಿಗೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರದು?"

ಅವನ ಪ್ರಶ್ನೆ ಸರಿಯಾದದ್ದೇ. ಎಲ್ಲರ ಶಕ್ತಿ ಒಂದೇ ಅಲ್ಲ. ಬಾಬಾಸಾಹೇಬರೂ ಇದನ್ನು ಅಲ್ಲಗಳೆಯಲಿಲ್ಲ. 1936ರ 'ಜಾತಿ ವಿನಾಶ'ದಲ್ಲಿ ಅವರು ಮನುಷ್ಯರು ಸಾಮರ್ಥ್ಯದಲ್ಲಿ ಸಮಾನರಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ. ಅಸಮಾನರು ಎಂಬ ಕಾರಣಕ್ಕೆ ಅಸಮಾನವಾಗಿ ನಡೆಸಿಕೊಳ್ಳಬೇಕೆ ಎಂಬುದೇ ಅವರ ಪ್ರಶ್ನೆ. ಸಮಾನತೆಯನ್ನು ನಡೆಯುವ ನಿಯಮವಾಗಿ ಇಟ್ಟುಕೊಳ್ಳಲೇಬೇಕು ಎಂಬುದು ಅವರ ಉತ್ತರ.

ಭಗವಾನ್ ಬುದ್ಧರ ಒಂದು ಸಂವಾದವೂ ನೆನಪಾಯಿತು. ಮಜ್ಝಿಮ ನಿಕಾಯದ ಗಣಕ ಮೊಗ್ಗಲ್ಲಾನ ಸುತ್ತದಲ್ಲಿದೆ. ಬಾಬಾಸಾಹೇಬರು ಇದನ್ನು 'ಬುದ್ಧ ಮತ್ತು ಅವನ ಧಮ್ಮ'ದಲ್ಲೂ ತಂದಿದ್ದಾರೆ. ರಾಜಗೃಹಕ್ಕೆ ದಾರಿ ಕೇಳಿದ ಇಬ್ಬರಿಗೂ ಒಂದೇ ದಾರಿ ಹೇಳಲಾಗುತ್ತದೆ. ಒಬ್ಬ ದಾರಿ ತಪ್ಪುತ್ತಾನೆ, ಇನ್ನೊಬ್ಬ ಸುಖವಾಗಿ ಮುಟ್ಟುತ್ತಾನೆ. ತಥಾಗತರು ಮಾರ್ಗದಾತ, ಮೋಕ್ಷದಾತ ಅಲ್ಲ ಎಂದು ನಾವು ಇದರಿಂದ ಕಲಿಯುತ್ತೇವೆ. ಈ ಸಲ ನನಗೆ ಇನ್ನೊಂದು ಮಾತೂ ಕಂಡಿತು. ನೀನು ಮುಟ್ಟಲಾರೆ, ಆದ್ದರಿಂದ ನಿನಗೆ ದಾರಿ ಹೇಳುವುದಿಲ್ಲ ಎಂದು ಅಲ್ಲಿ ಯಾರಿಗೂ ಹೇಳಿಲ್ಲ. ಯಾರು ಮುಟ್ಟುತ್ತಾರೆ, ಯಾರು ಮುಟ್ಟುವುದಿಲ್ಲ ಎಂಬುದನ್ನು ನಡಿಗೆಯೇ ತೀರ್ಮಾನಿಸಬೇಕು, ಪಟ್ಟಿ ಬರೆಯುವವನಲ್ಲ.

ಹಾಗೆಂದು ಯಾರನ್ನಾದರೂ ಸುಮ್ಮನೆ ಬೆಟ್ಟಕ್ಕೆ ತಳ್ಳುವುದು ಕರುಣೆಯಲ್ಲ. 2014ರ ಮೇ 25ರಂದು ಮಾಲಾವತ್ ಪೂರ್ಣಾ 13 ವರ್ಷ 11 ತಿಂಗಳಿಗೆ ಎವರೆಸ್ಟ್ ಮುಟ್ಟಿದಳು. ಜೊತೆಗೆ ದಲಿತ ಹುಡುಗ ಆನಂದ್ ಕುಮಾರ್ ಇದ್ದ. ಇಬ್ಬರೂ ಸಮಾಜ ಕಲ್ಯಾಣ ವಸತಿ ಶಾಲೆಯ ಮಕ್ಕಳು. ಭುವನಗಿರಿಯ ಬಂಡೆಯ ಮೇಲೆ, ಡಾರ್ಜಿಲಿಂಗ್‌ನಲ್ಲಿ, ಲಡಾಖ್‌ನ ಚಳಿಯಲ್ಲಿ ಅವರಿಗೆ ತರಬೇತಿ ಆಗಿತ್ತು. ಬಡವರ ಮಕ್ಕಳೆಂದು ಅವರನ್ನು ಕೈಬಿಡಲಿಲ್ಲ. ಧೈರ್ಯವಿದೆಯೆಂದು ಹಾಗೇ ಕಳಿಸಲೂ ಇಲ್ಲ. ಕೇಳಿದರು, ಕಲಿಸಿದರು, ಪರೀಕ್ಷೆ ಮಾಡಿ ನೋಡಿದರು.

ನಾವೂ ಪಟ್ಟಿ ಹರಿದು ಮೊದಲಿನಿಂದ ಶುರು ಮಾಡಿದೆವು. ಪ್ರತಿಯೊಬ್ಬರೂ ತಮ್ಮ ದೇಹಸ್ಥಿತಿಯನ್ನು ತಾವೇ ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ತೀರ್ಮಾನವಾಯಿತು. ನನ್ನ ಸರದಿ ಬಂದಾಗ, ಎರಡು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದೇನೆಂದು ಹೇಳಬೇಕಾಯಿತು. ಅಕ್ಕನ ಮಂಡಿ ನೆನಪಿದ್ದ ನನಗೆ ನನ್ನ ಬಿಪಿ ನೆನಪಾಗಿರಲಿಲ್ಲ! ಯಾರೂ ನಗಲಿಲ್ಲ. ಅಕ್ಕ ಮಾತ್ರ "ಡಾಕ್ಟ್ರನ್ನ ಕೇಳ್ಕೊಂಡು ಬನ್ನಿ ಮೇಷ್ಟ್ರೇ" ಅಂದರು.

ಈಗ ನಮ್ಮ ಏರ್ಪಾಡು ಹೀಗಿದೆ. ನಾಲ್ಕು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಅಭ್ಯಾಸ. ಬರುವುದೋ ಬಿಡುವುದೋ ಎಂದು ಆಮೇಲೆ ಅವರವರೇ ಹೇಳಬೇಕು. ಬೆಟ್ಟದಲ್ಲಿ ನಿಧಾನವಾಗಿ ನಡೆಯುವವರು ಮುಂದೆ, ಚುರುಕಿನವರು ಹಿಂದೆ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ವಾಪಸ್, ತುದಿ ಕಣ್ಣಿಗೆ ಕಾಣುತ್ತಿದ್ದರೂ ಸರಿ. ಯಾರಾದರೂ ನಡುವೆ ಸಾಕೆಂದರೆ ಇಬ್ಬರು ಅವರ ಜೊತೆ ಇಳಿಯಬೇಕು. ಆ ಇಬ್ಬರಲ್ಲಿ ಮೊದಲ ಹೆಸರು ನನ್ನದು. ಎರಡನೆಯದು ಆ ಪ್ರಶ್ನೆ ಕೇಳಿದ ಹುಡುಗನದು, ಅವನಾಗಿಯೇ ಬರೆಸಿದ.

ಅಕ್ಕ ತುದಿ ಮುಟ್ಟುತ್ತಾರೋ ಗಿರಿಗದ್ದೆಯಲ್ಲೇ ನಿಲ್ಲುತ್ತಾರೋ ಗೊತ್ತಿಲ್ಲ. ನಾನೂ ಅಷ್ಟೇ. ಆದರೆ ನಿಲ್ಲುವ ತೀರ್ಮಾನ ಅವರದೇ ಆಗಿರುತ್ತದೆ.

ಮನೆಯಲ್ಲಿ, ಸಂಘದಲ್ಲಿ, ಕೆಲಸದ ಜಾಗದಲ್ಲಿ ನಾವು ಯಾರ ಹೆಸರನ್ನು "ಅವರ ಒಳ್ಳೆಯದಕ್ಕೇ" ಎಂದು ಕೇಳದೆ ಹೊಡೆದುಹಾಕಿದ್ದೇವೆ? ವಯಸ್ಸಾದ ತಾಯಿಯದೋ, ಓದು ಬಿಟ್ಟ ಮಗಳದೋ, ಕಡಿಮೆ ಓದಿದ ಸಂಗಾತಿಯದೋ? ಇವತ್ತು ಒಬ್ಬರ ಹತ್ತಿರ ಹೋಗಿ ಕೇಳೋಣ. ಮೈತ್ರಿ ಅಲ್ಲಿಂದಲೇ ಶುರುವಾಗಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.