ಸೇವೆಯೂ ಸ್ಪರ್ಧೆಯೂ

ಸೇವೆ ಶ್ರೇಷ್ಠವೋ ಸ್ಪರ್ಧೆ ಶ್ರೇಷ್ಠವೋ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕ್ಷಣಮಾತ್ರವೂ ಯೋಚಿಸದೆ ಸೇವೆಯೆಂದೇ ಉತ್ತರಿಸುವರು. ಸ್ಪರ್ಧೆಯಲ್ಲಿ ‘ನಾನು’ ಮುಂದಿರುತ್ತದೆ, ಸೇವೆಯಲ್ಲಿ ‘ನೀನು’ ಮುಂದಿರುತ್ತದೆ, ಆದುದರಿಂದ ಎರಡನೆಯದೇ ಮೇಲು ಎಂಬುದು ಅವರ ತರ್ಕ. ಮೇಲ್ನೋಟಕ್ಕೆ ಇದರಲ್ಲಿ ದೋಷ ಕಾಣುವುದಿಲ್ಲ. ಆದರೆ ಉತ್ತರವೊಂದು ಇಷ್ಟು ಬೇಗ ಬಾಯಿಗೆ ಬರುವುದಾದರೆ, ಪ್ರಶ್ನೆಯನ್ನು ನಾವು ಪೂರ್ತಿಯಾಗಿ ಕೇಳಿಸಿಕೊಂಡೆವೇ ಎಂಬ ಶಂಕೆಗೆ ಅವಕಾಶವುಂಟು.

ಈ ವಿಚಾರವನ್ನು ಈಗ ಎತ್ತಲು ಕಾರಣವಿದೆ. ವಿದ್ಯಾರ್ಥಿನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು, ಪ್ರಸ್ತುತ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವವರು, ನಮಗೊಂದು ಪತ್ರ ಬರೆದಿದ್ದಾರೆ. ಅವರ ಊರಿನ ಗುಡ್ಡಗಳಲ್ಲಿ ಮಹಿಳೆಯರ ಮೌಂಟನ್ ಬೈಕ್ ಪಂದ್ಯಗಳು ನಡೆಯುತ್ತವೆ. ಅವರ ಮಗಳು ಎರಡು ವರ್ಷ ಅಲ್ಲಿ ಸ್ವಯಂಸೇವಕಿಯಾಗಿ ದುಡಿದು, ಈ ಸಲ ತಾನೇ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾಳೆ. ಅವಳು ನೀರು ಕೊಡುತ್ತಿದ್ದಾಗ ತಂದೆಗೆ ಹೆಮ್ಮೆಯಿತ್ತು, ಈಗ ಕಸಿವಿಸಿ. ಸೇವೆಯನ್ನು ಬಿಟ್ಟು ಸ್ಪರ್ಧೆಗೆ ಹೋಗುವುದು ಮೆಟ್ಟಿಲು ಇಳಿದಂತೆ ಅಲ್ಲವೇ ಎಂದು ಕೇಳಿದ್ದಾರೆ. ಕೈಕಾಲು ಮುರಿದೀತೆಂಬ ಭಯವೂ ಸಾಲುಗಳ ನಡುವೆ ಇಣುಕುತ್ತದೆ. ತಂದೆಯಾದವನಿಗೆ ಅದು ಸಹಜವೇ.

ಮೌಂಟನ್ ಬೈಕ್ ಎಂದರೆ ಡಾಂಬರು ಕಾಣದ ಹಾದಿಗಳಿಗಾಗಿ, ಕಲ್ಲು ಬೇರು ಕೊರಕಲುಗಳ ಮೇಲೆ ಸಾಗಲೆಂದು ದಪ್ಪ ಟಯರುಗಳೊಡನೆ ರೂಪಿಸಿದ ಸೈಕಲ್. ಈ ಕ್ರೀಡೆಯ ಶೈಶವ ಕಳೆದದ್ದು ಆ ಸೀಮೆಯಲ್ಲಿಯೇ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಮರಿನ್ ಕೌಂಟಿಯಲ್ಲಿ. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಕೆಲವು ಗೆಳೆಯರು ಹಳೆಯ ಭಾರವಾದ ಸೈಕಲ್ಲುಗಳನ್ನು ಗುಡ್ಡದ ನೆತ್ತಿಗೆ ಒಯ್ದು, ಮೂರು ಕಿಲೋಮೀಟರಿಗೂ ಮಿಕ್ಕಿದ ಇಳಿಜಾರಿನಲ್ಲಿ ಗಡಿಯಾರವಿಟ್ಟು ಒಬ್ಬರಾದ ಮೇಲೊಬ್ಬರಂತೆ ಇಳಿದರು. ಆ ಇಳಿತದಲ್ಲಿ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಅದನ್ನು ಮತ್ತೆ ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ಹಾದಿಗೆ ‘ರೀಪ್ಯಾಕ್’ ಎಂದೇ ಹೆಸರು ಬಿತ್ತು. ಬಹುತೇಕ ಗಂಡಸರೇ ತುಂಬಿದ್ದ ಆ ಗುಂಪಿನಲ್ಲಿ ವೆಂಡಿ ಕ್ರ್ಯಾಗ್ ಎಂಬ ಮಹಿಳೆಯಿದ್ದರು. ಆಕೆ ಕ್ಯಾಮೆರಾ ಹಿಡಿದು ಉಳಿದವರ ಚಿತ್ರ ತೆಗೆದರು, ತಾವೂ ಅದೇ ಇಳಿಜಾರಿಗೆ ಸೈಕಲ್ ಬಿಟ್ಟರು. ಆ ಆರಂಭದ ದಿನಗಳು ಇಂದಿನವರಿಗೆ ಕಣ್ಣಿಗೆ ಕಟ್ಟುವುದು ಬಹುಮಟ್ಟಿಗೆ ಆಕೆಯ ಚಿತ್ರಗಳಿಂದಲೇ. ವಾಚಕರೇ, ಆಕೆಯನ್ನು ಸೇವೆಯವರ ಪಟ್ಟಿಯಲ್ಲಿ ಸೇರಿಸುವಿರೋ, ಸ್ಪರ್ಧಿಗಳ ಪಟ್ಟಿಯಲ್ಲೋ?

ಅದೇ ಸೀಮೆಯ ಜಾಕ್ವಿ ಫೀಲನ್ 1983ರಿಂದ 1985ರವರೆಗೆ ಸತತವಾಗಿ ಮೂರು ವರ್ಷ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದವರು. 1987ರಲ್ಲಿ ಅವರು ‘ವೊಂಬ್ಯಾಟ್ಸ್’ ಎಂಬ ಸಂಘ ಕಟ್ಟಿದರು. ಹೆಸರನ್ನು ಬಿಡಿಸಿ ಹೇಳಿದರೆ ಮಹಿಳೆಯರ ಮೌಂಟನ್ ಬೈಕ್ ಮತ್ತು ಚಹಾ ಸಂಘವೆಂದಾಗುತ್ತದೆ. ಚಹಾ ಎಂಬ ಮಾತಿಗೆ ನಕ್ಕು ಮುಂದೆ ಹೋಗಬೇಡಿ. ಗಂಡಸರ ವೇಗಕ್ಕೂ ಗೇಲಿಗೂ ಅಂಜಿ ದೂರ ನಿಂತ ಹೆಂಗಸನ್ನು ಹಾದಿಗೆ ಕರೆತರಬೇಕಾದರೆ, ಪದಕದ ಮಾತಿಗಿಂತ ಚಹಾದ ಮಾತು ಹೆಚ್ಚು ಕೆಲಸ ಮಾಡೀತು. ಗೆದ್ದವಳು ತನ್ನ ಗೆಲುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ, ಹೊಸಬರಿಗೆ ಕಲಿಸಲು ಹೊರಟಳೆಂಬುದಷ್ಟೇ ನಮಗಿಲ್ಲಿ ಮುಖ್ಯ. ಇಂತಹವರ ದುಡಿಮೆಯ ಫಲವೋ ಕಾಲದ ಗುಣವೋ, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಕ್ರೀಡೆ ಬಂದಾಗ ಸ್ತ್ರೀಪುರುಷರಿಬ್ಬರೂ ಒಟ್ಟಿಗೇ ಪ್ರವೇಶಿಸಿದರು. ಇಟಲಿಯ ಪಾವೊಲಾ ಪೆಝೊ ಮಹಿಳೆಯರಲ್ಲಿ ಮೊದಲ ಚಿನ್ನ ಗೆದ್ದರು. ಇತರ ಸೈಕಲ್ ಪಂದ್ಯಗಳಲ್ಲಿ ಹಾಗಾಗಿರಲಿಲ್ಲ. 1896ರಲ್ಲಿಯೇ ಗಂಡಸರು ಒಲಿಂಪಿಕ್ಸಿನಲ್ಲಿ ಸೈಕಲ್ ಓಡಿಸಿದ್ದರು. ಹೆಂಗಸರಿಗೆ ಆ ಬಾಗಿಲು ತೆರೆದದ್ದು 1984ರಲ್ಲಿ, 88 ವರ್ಷಗಳ ಮೇಲೆ.

ಆದರೆ ಒಲಿಂಪಿಕ್ಸಿನ ಮಾತು ನಮಗೆ ದೂರ. ಸಣ್ಣ ಊರಿನ ಒಂದು ಮಹಿಳಾ ಪಂದ್ಯ ಹೇಗೆ ನಡೆಯುತ್ತದೆಂಬುದನ್ನು ನೋಡೋಣ. ಹಿಂದಿನ ದಿನವೇ ಕೆಲವರು ಗುಡ್ಡ ಹತ್ತಿ ಹಾದಿಯುದ್ದಕ್ಕೂ ಬಾಣದ ಗುರುತು ನೆಡಬೇಕು, ತಪ್ಪುದಾರಿಗಳಿಗೆ ಪಟ್ಟಿ ಕಟ್ಟಬೇಕು, ಮಳೆನೀರು ಕೊರೆದ ಜಾಗಕ್ಕೆ ಮಣ್ಣು ತುಂಬಬೇಕು. ಬೆಳಗಾಗುತ್ತಲೇ ಹೆಸರು ಬರೆದುಕೊಂಡು, ಹ್ಯಾಂಡಲಿಗೆ ಕಟ್ಟುವ ಅಂಕಿಯ ಫಲಕ ಹಂಚಬೇಕು. ಹಾದಿಗಳು ಕೂಡುವಲ್ಲಿ, ಅಪಾಯದ ತಿರುವಿನಲ್ಲಿ ಒಬ್ಬೊಬ್ಬರು ನಿಲ್ಲಬೇಕು. ಬಿದ್ದವಳಿದ್ದರೆ ಹಿಂದಿನಿಂದ ಬರುವವರಿಗೆ ಕೂಗಿ ಹೇಳುವುದು ಇವರ ಕೆಲಸ. ಏರಿನ ಬಳಿ ಸೀಸೆ ಹಿಡಿದು ನಿಂತವರದು ಇನ್ನೊಂದು ಹದ: ಸೈಕಲ್ ನಿಲ್ಲದು, ಕೈಗೆ ಕೈ ತಾಗುವುದು ಒಂದು ಗಳಿಗೆ, ಅಷ್ಟರಲ್ಲಿ ನೀರು ದಾಟಬೇಕು. ಇವರೆಲ್ಲರಿಗಿಂತ ನಮ್ಮ ಮನಸ್ಸನ್ನು ಹಿಡಿದದ್ದು ಎಲ್ಲರಿಗಿಂತ ಹಿಂದೆ ಬರುವ ಸೇವಕಿ. ಪಂದ್ಯದ ಕಟ್ಟಕಡೆಯ ಸ್ಪರ್ಧಿಯ ಹಿಂದೆ, ಅವಳನ್ನು ದಾಟದೆ, ಅವಳನ್ನು ಅವಸರಪಡಿಸದೆ ಸೈಕಲ್ ಮೇಲೆ ಬರುವುದೇ ಆಕೆಯ ಕೆಲಸ. ಅವಳು ಇಳಿದು ತಳ್ಳಿಕೊಂಡು ನಡೆದರೆ ಇವಳೂ ನಡೆಯುತ್ತಾಳೆ. ಗುಡ್ಡದ ಮೇಲೆ ಯಾರೂ ಉಳಿಯಲಿಲ್ಲವೆಂಬ ಖಾತರಿ ಆಕೆಯಿಂದಲೇ ದೊರೆಯುವುದು. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಹಿಂದುಳಿದವರಿಗೆ ಈ ಉಪಚಾರವಿಲ್ಲ. ಮುಂದಿನವರಿಗಿಂತ ನಿಗದಿತ ಅಂತರದಷ್ಟು ತಡವಾದವರನ್ನು ಹಾದಿಯಿಂದ ಹೊರಗೆ ಕರೆಯುತ್ತಾರೆ. ಊರಿನ ಪಂದ್ಯದಲ್ಲಿ ಕೊನೆಯವಳು ಬರುವವರೆಗೆ ಕಾಯುವ ಪದ್ಧತಿ ಸಾಮಾನ್ಯ.

ಇಂತಹ ಕಡೆ ಇಂದು ಬಾಣ ನೆಟ್ಟವಳು ಮುಂದಿನ ಭಾನುವಾರ ಅಂಕಿ ಕಟ್ಟಿಕೊಂಡು ಓಡಿಸುತ್ತಾಳೆ, ಇಂದು ಓಡಿಸಿದವಳು ಅಂದು ಬಿಸಿಲಿನಲ್ಲಿ ತಿರುವು ಕಾಯುತ್ತಾಳೆ. ತಿರುವಿನಲ್ಲಿ ನಿಂತು ಎಷ್ಟೇ ನೋಡಿದರೂ, ಬಾಯಾರಿ ಬರುವವಳಿಗೆ ಸೀಸೆಯನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕೆಂಬುದು ತಾನೊಮ್ಮೆ ಬಾಯಾರಿ ಬಂದವಳಿಗೆ ತಿಳಿದಷ್ಟು ಉಳಿದವರಿಗೆ ತಿಳಿಯದು. ಈ ಅದಲುಬದಲಿನಲ್ಲಿ ಇನ್ನೂ ಸೂಕ್ಷ್ಮವಾದ ನೀತಿಯ ಅಂಶವೊಂದಿದೆ. ಗ್ರೀಸಿನ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಮಹಾಮನಸ್ಕನಾದ ಪುರುಷನನ್ನು ವರ್ಣಿಸುತ್ತ, ಆತ ಉಪಕಾರ ಮಾಡಲು ಮುಂದಾಗುವನು, ಪಡೆಯಲು ನಾಚುವನು, ಏಕೆಂದರೆ ಕೊಡುವುದು ಮೇಲಿರುವವನ ಲಕ್ಷಣ, ಪಡೆಯುವುದು ಕೆಳಗಿರುವವನ ಲಕ್ಷಣ ಎನ್ನುತ್ತಾನೆ. ಆತನ ಮಾತನ್ನು ಆದರ್ಶವೆಂದು ಒಪ್ಪುವುದು ನಮಗೆ ಸಾಧ್ಯವಿಲ್ಲ. ಆದರೆ ಮನುಷ್ಯಸ್ವಭಾವದ ವಿವರಣೆಯಾಗಿ ಅದು ಬಹಳ ನಿಜ. ಕೊಡುತ್ತಲೇ ಇರುವವನು ಎತ್ತರದಲ್ಲಿಯೇ ನಿಲ್ಲುತ್ತಾನೆ. ಸೋಲು ಅವನ ಹತ್ತಿರ ಸುಳಿಯುವುದಿಲ್ಲ, ಕೊನೆಯವನಾಗಿ ಜನರೆದುರು ಬರುವ ಸಂದರ್ಭ ಅವನಿಗೆ ಒದಗುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಬಡಿಸುವವನೂ ಒಮ್ಮೆ ಎಲೆಯ ಮುಂದೆ ಕುಳಿತು ಉಣ್ಣಬೇಕೆಂಬುದು ಈ ಕಾರಣಕ್ಕೇ.

ಹಾಗಾದರೆ ಸ್ಪರ್ಧೆಯಲ್ಲಿ ಅಹಂಕಾರವಿಲ್ಲವೇ? ಇದೆ. ಗೆದ್ದವರ ಮದ, ಸೋತವರ ಮತ್ಸರ, ಪಕ್ಕದವಳು ಬಿದ್ದರೆ ಒಳಗೊಳಗೇ ಸಂತೋಷಪಡುವ ಕ್ಷುದ್ರತೆ, ಇವುಗಳನ್ನು ಅಲ್ಲಗಳೆದರೆ ಪ್ರಯೋಜನವಿಲ್ಲ. ಹಣವೂ ಹೆಸರೂ ಸೇರಿದಾಗ ಅದು ಇನ್ನೂ ಕೆಡುತ್ತದೆ. ಆದರೆ ಊರಿನ ಪಂದ್ಯಕ್ಕೆ ಇಳಿಯುವ ಹೆಂಗಸರಲ್ಲಿ, ತಾವು ಗೆಲ್ಲುವುದಿಲ್ಲವೆಂದು ಹೊರಡುವ ಮೊದಲೇ ಬಲ್ಲವರೇ ಹೆಚ್ಚು. ಬಲ್ಲವರಾಗಿಯೂ ಹೊರಡುತ್ತಾರೆ. ಫಲಾಪೇಕ್ಷೆಯಿಲ್ಲದ ಕರ್ಮದ ಬಗೆಗೆ ನಾವು ಉಪನ್ಯಾಸ ಮಾಡುವವರು ಇವರನ್ನು ಸ್ವಲ್ಪ ಗಮನಿಸಬೇಕು. ಇನ್ನು ಸೇವೆ ಯಾವಾಗಲೂ ನಿಷ್ಕಾಮವೆಂದು ಯಾರು ಹೇಳಿದರು? ಮಠಗಳ ಗೋಡೆಯ ಮೇಲಿನ ಅಮೃತಶಿಲೆಯ ಫಲಕಗಳಲ್ಲಿ ಹೆಸರು ಯಾರದು ಮೇಲೆ, ಯಾರದು ಕೆಳಗೆ ಎಂಬುದಕ್ಕಾಗಿ ನಡೆಯುವ ಪೈಪೋಟಿಯನ್ನು ಕಂಡವರು ಈ ಪ್ರಶ್ನೆಯನ್ನು ಕೇಳಲಾರರು.

ಸ್ತ್ರೀಯರ ವಿಷಯದಲ್ಲಂತೂ ಈ ಪ್ರಶ್ನೆ ಬೇರೆಯೇ ತೂಕ ಪಡೆಯುತ್ತದೆ. ಗಂಡಸಿಗೆ ಸೇವೆಯೆಂಬುದು ಅಭ್ಯಾಸದಿಂದ ಕಲಿಯಬೇಕಾದ ಗುಣ. ಹೆಂಗಸಿಗೆ ಅದನ್ನು ಹುಟ್ಟಿದಂದಿನಿಂದ ಕಲಿಸಿರುತ್ತಾರೆ. ಮನೆಯಲ್ಲಿ ನೀರು ಕೊಟ್ಟವಳಿಗೆ ಮೈದಾನದಲ್ಲಿಯೂ ನೀರು ಕೊಡುವುದು ಹೊಸ ತಪಸ್ಸೇನಲ್ಲ. ನಮ್ಮ ಜಾತ್ರೆಗಳನ್ನೇ ನೋಡಿ. ಕುಸ್ತಿಯ ಅಖಾಡ, ಗುಂಡು ಎತ್ತುವ ಪಂದ್ಯ, ಬಂಡಿಯ ಓಟ ಇವೆಲ್ಲ ಗಂಡಸರಿಗೆ. ದಾಸೋಹದ ಒಲೆಯ ಮುಂದೆ ರೊಟ್ಟಿ ತಟ್ಟುವುದು ತಾಯಂದಿರಿಗೆ. ಆಮೇಲೆ ವೇದಿಕೆಯ ಮೇಲೆ ನಿಂತು ಆ ತಾಯಂದಿರ ಸೇವೆಯನ್ನು ನಾವೇ ಕೊಂಡಾಡುತ್ತೇವೆ. ಕೊಂಡಾಟ ಸುಳ್ಳಲ್ಲ. ಆದರೆ ಕೊಂಡಾಟವೂ ಬೇಲಿಯಾಗಬಲ್ಲದು. ‘ನಿನ್ನ ಸೇವೆ ಶ್ರೇಷ್ಠ’ ಎಂಬ ಮಾತಿನ ಹಿಂದೆ ‘ಅಲ್ಲಿಯೇ ಇರು’ ಎಂಬ ಮಾತು ಅಡಗಿದೆಯೇ ಎಂದು ಪ್ರಾಮಾಣಿಕವಾಗಿ ಶೋಧಿಸಿಕೊಳ್ಳಬೇಕು. 1890ರ ದಶಕದಲ್ಲಿ ಪಶ್ಚಿಮದ ಕೆಲವು ವೈದ್ಯರು ಸೈಕಲ್ ತುಳಿಯುವ ಹೆಂಗಸರ ಮುಖ ವಿಕಾರಗೊಳ್ಳುವುದೆಂದು ಎಚ್ಚರಿಸಿ, ಅದಕ್ಕೆ ‘ಸೈಕಲ್ ಮುಖ’ವೆಂದು ಹೆಸರನ್ನೂ ಇಟ್ಟಿದ್ದರು. ಒಲೆಯ ಹೊಗೆಯಿಂದ ಮುಖಕ್ಕೆ ಏನಾಗುವುದೆಂದು ವಿಚಾರಿಸುವ ಅವಸರ ಅವರಿಗೆ ಇದ್ದಂತಿಲ್ಲ.

ಆದುದರಿಂದ ಪತ್ರ ಬರೆದ ಭಕ್ತರಿಗೆ ನಾವು ತಿಳಿಸಿರುವುದಿಷ್ಟು. ನಿಮ್ಮ ಮಗಳು ಮೆಟ್ಟಿಲು ಇಳಿದಿಲ್ಲ. ಎರಡು ವರ್ಷ ಕೊಟ್ಟವಳು ಈಗ ಪಡೆಯಲು ನಿಂತಿದ್ದಾಳೆ. ಯಾರೋ ನೆಟ್ಟ ಬಾಣವನ್ನು ನಂಬಿ ತಿರುಗಬೇಕು, ಯಾರೋ ಚಾಚಿದ ಸೀಸೆಯನ್ನು ತೆಗೆದುಕೊಳ್ಳಬೇಕು, ಪ್ರಾಯಶಃ ಕೊನೆಯವಳಾಗಿ ಬಂದು ಕಾಯುತ್ತಿದ್ದವರ ಚಪ್ಪಾಳೆಯನ್ನು ಸಂಕೋಚವಿಲ್ಲದೆ ಸ್ವೀಕರಿಸಬೇಕು. ಇದು ಸೇವೆಗಿಂತ ಸುಲಭವೆಂದು ನಮಗೆ ತೋರುವುದಿಲ್ಲ. ಶಿರಸ್ತ್ರಾಣವನ್ನು ಮಾತ್ರ ಮರೆಯದೆ ಧರಿಸಲಿ. ಹಾಗೆಂದು ಸ್ಪರ್ಧಿಸದವರ ಸೇವೆ ಅಪೂರ್ಣವೆಂದು ಯಾರೂ ಭಾವಿಸಬಾರದು. ವಯಸ್ಸಾದವರು, ದೇಹದಲ್ಲಿ ಶಕ್ತಿಯಿಲ್ಲದವರು ತಿರುವಿನಲ್ಲಿ ನಿಂತರೆ ಅದೇ ಅವರ ಪಾಲು. ಇಳಿಯಬಲ್ಲವಳನ್ನು ಇಳಿಯದಂತೆ ತಡೆದು, ತಡೆದದ್ದಕ್ಕೆ ಸೇವೆಯೆಂದು ಹೆಸರಿಡುವುದಷ್ಟೇ ನಮ್ಮ ಆಕ್ಷೇಪಣೆಯ ವಿಷಯ.

ಇದು ದೂರದ ದೇಶದ ಮಾತೆಂದು ಪುಟ ಮಗುಚುವ ಅಗತ್ಯವಿಲ್ಲ. ವಿಜಯಪುರ, ಬಾಗಲಕೋಟೆಗಳ ಹೊಲದ ಹಾದಿಗಳು ನಾಡಿಗೆ ಸೈಕಲ್ ಪಟುಗಳನ್ನು, ಹೆಣ್ಣುಮಕ್ಕಳನ್ನೂ ಒಳಗೊಂಡು, ಕೊಡುತ್ತ ಬಂದಿವೆ. 2022ರಲ್ಲಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಪಂದ್ಯಾವಳಿ ನಮ್ಮ ಗದಗದಲ್ಲಿಯೇ ನಡೆಯಿತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಎಷ್ಟೋ ಹಳ್ಳಿಗಳಲ್ಲಿ ಹುಡುಗಿಯರ ಸಾಲು ರಸ್ತೆಗೆ ಬಂತು. ಶಾಲೆ ಮುಗಿದ ಮೇಲೆ ಆ ಸೈಕಲ್ಲು ತಮ್ಮನಿಗೋ ಹಾಲಿನ ಕ್ಯಾನಿಗೋ ಹೋದದ್ದನ್ನೂ ನೀವು ಬಲ್ಲಿರಿ.

ನಿಮ್ಮ ತಾಲ್ಲೂಕಿನಲ್ಲಿ ಇಂತಹ ಪಂದ್ಯವೊಂದು ಏರ್ಪಟ್ಟರೆ, ಸ್ವಯಂಸೇವಕರ ಪಟ್ಟಿಯಲ್ಲಿ ಮೊದಲು ಗಂಡಸರ ಹೆಸರು ಬರಲಿ. ಬಾಣ ನೆಡಲು, ನೀರು ಹಿಡಿಯಲು, ಕೊನೆಯವಳ ಹಿಂದೆ ತಾಳ್ಮೆಯಿಂದ ಬರಲು ನಮ್ಮ ಹಳೆಯ ವಿದ್ಯಾರ್ಥಿಗಳು ಸಾಕಷ್ಟು ಮಂದಿ ಇದ್ದಾರೆ. ಪಂದ್ಯಗಳು ಬೆಳಗಿನ ತಂಪಿನಲ್ಲಿ ಆರಂಭವಾಗುವುದು ರೂಢಿ. ಆ ದಿನ ಮನೆಯಲ್ಲಿ ಒಲೆ ಹಚ್ಚುವವರು ಯಾರೆಂಬುದನ್ನು ಹಿಂದಿನ ರಾತ್ರಿಯೇ ಇತ್ಯರ್ಥ ಮಾಡಿಕೊಂಡಿರುವುದು ಲೇಸು.