ಹಿಂದೆ ನಿಂತವರ ಹೆಸರು

ಮಗಳು ಮೊದಲ ಸಂಬಳದಲ್ಲಿ ನನಗೊಂದು ಸೀರೆ ತಂದಾಳೆಂದು ಕಾದಿದ್ದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಸೊಸೆಗೆ ಸೀರೆಯ ಆಸೆಯೇ ಎಂದು ನೀವು ನಗಬಹುದು. ನೇಯುವವರ ಮನೆಯಲ್ಲಿ ಸೀರೆ ಇರುವುದು ಮಾರುವುದಕ್ಕೆ, ಉಡುವುದಕ್ಕಲ್ಲ. ಅವಳು ಬೆಂಗಳೂರಿನಿಂದ ಹೊತ್ತು ತಂದದ್ದು ಹೆಚ್ಚುಕಡಿಮೆ ಆಳುದ್ದದ ಒಂದು ಕಪ್ಪು ಚೀಲ. ಬಿಚ್ಚಿದರೆ ಒಳಗೆ ಗಿಟಾರು. ಅದೂ ಸಿನಿಮಾದಲ್ಲಿ ನಾಯಕ ಹಿಡಿದು ಕುಣಿಯುವ ಗಿಟಾರಲ್ಲ. ಕತ್ತು ಉದ್ದ, ತಂತಿ ದಪ್ಪ, ಎಣಿಸಿದರೆ ನಾಲ್ಕೇ ತಂತಿ.

"ಎರಡು ತಂತಿ ಕಡಿಮೆ ಕೊಟ್ಟು ಮೋಸ ಮಾಡಿದ್ದಾರಲ್ಲೇ" ಎಂದೆ.

"ಇದು ಬೇಸ್ ಗಿಟಾರ್ ಕಣಮ್ಮ. ಇದಕ್ಕಿರೋದೇ ನಾಲ್ಕು" ಎಂದಳು.

ಮೀಟಿ ತೋರಿಸಿದಳು. ಏನೂ ಕೇಳಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಮಗ್ಗ ನಡೆಯುತ್ತಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರ ಮಾತೇ ಕೇಳಿಸುವುದಿಲ್ಲ, ಇನ್ನು ಇದೆಲ್ಲಿ! ಕರೆಂಟಿಗೆ ಒಂದು ಪೆಟ್ಟಿಗೆ ಸಿಕ್ಕಿಸಿ ಮತ್ತೆ ಮೀಟಿದಳು. ಆಗಲೂ ಕಿವಿಗಿಂತ ಮೊದಲು ಅದು ಕೇಳಿಸಿದ್ದು ಅಡುಗೆಮನೆಯ ಸ್ಟೀಲ್ ತಟ್ಟೆಗಳಿಗೆ. ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳೆಲ್ಲ ಸಣ್ಣಗೆ ನಡುಗಿದವು. ಇಷ್ಟು ದುಡ್ಡು ಕೊಟ್ಟು ಯಾರಿಗೂ ಸರಿಯಾಗಿ ಕೇಳಿಸದ ವಾದ್ಯವನ್ನು ಏಕೆ ತಂದಳೆಂಬ ಪ್ರಶ್ನೆ ಅಂದು ನನ್ನ ತಲೆಗೆ ಹೊಕ್ಕಿತು. ಅದು ವಾದ್ಯದ ಪ್ರಶ್ನೆಯಲ್ಲವೆಂದು ತಿಳಿಯಲು ಕೆಲವು ವರ್ಷಗಳೇ ಬೇಕಾದವು.

ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಸಾಮಾನ್ಯ ಗಿಟಾರಿನ ಕೆಳಸ್ಥಾಯಿಯ ನಾಲ್ಕು ತಂತಿಗಳನ್ನು ಇನ್ನೂ ಒಂದು ಸ್ಥಾಯಿ ಕೆಳಗಿಳಿಸಿದರೆ ಬೇಸ್ ಗಿಟಾರಿನ ಶ್ರುತಿ. ಅದರ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಹಿಂದೆ ಈ ಕೆಲಸಕ್ಕೆ ಆಳೆತ್ತರದ ಪಿಟೀಲಿನಂಥ ಒಂದು ವಾದ್ಯವಿತ್ತು. ಅದನ್ನು ಬಸ್ಸಿನಲ್ಲಿ ಹೊತ್ತೊಯ್ಯುವಂತಿಲ್ಲ, ಗದ್ದಲದಲ್ಲಿ ಅದರ ದನಿ ಮೇಲೇಳುವುದೂ ಇಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೆಗಲಿಗೆ ತಗುಲಿಹಾಕಿಕೊಳ್ಳುವ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದ. ಐದಾರು ತಂತಿಯ ಬೇಸುಗಳೂ ಈಗ ಇವೆ. ಆದರೆ ನನ್ನ ಮಗಳ ಪ್ರಕಾರ ನಾಲ್ಕರಲ್ಲಿ ಹೇಳಲಾಗದ್ದನ್ನು ಆರರಲ್ಲೂ ಹೇಳಲಾಗದು. ಕೇಳಿ ನನಗೆ ನಗು ಬಂತು. ನಮ್ಮ ತಂಬೂರಿಗೂ ನಾಲ್ಕೇ ತಂತಿ ತಾನೇ?

ಒಂದು ದಿನ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, "ಹಾಡೋರನ್ನ ಬಿಟ್ಟು ಕೆಳಗೇನು ನಡೀತಿದೆ ಕೇಳು" ಎಂದಳು. 1981ರ 'ಗೀತಾ' ಚಿತ್ರದ ಹಾಡು. ಶಂಕರ್‌ನಾಗ್ ಚಿತ್ರ, ಇಳಯರಾಜಾ ಸಂಗೀತ. ಹುಡುಗಿಯಾಗಿದ್ದಾಗಿನಿಂದ ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಆದರೆ ಆ ದನಿಗಳ ಅಡಿಯಲ್ಲಿ ಇನ್ನೊಂದು ದನಿ ತನ್ನದೇ ದಾರಿ ಹಿಡಿದು, ಹತ್ತಿ ಇಳಿದು, ಹಾಡನ್ನು ಎತ್ತಿಕೊಂಡು ನಡೆಯುತ್ತಿದ್ದುದನ್ನು ನಾನು ಅಂದೇ ಮೊದಲು ಕೇಳಿದ್ದು. 1983ರ 'ಪಲ್ಲವಿ ಅನುಪಲ್ಲವಿ'ಯಲ್ಲೂ ಹಾಗೆಯೇ. ಹಾಡಿದವರ, ಬರೆದವರ, ಸಂಗೀತ ಕೊಟ್ಟವರ ಹೆಸರುಗಳು ನನಗೆ ಬಾಯಿಪಾಠ. ಈ ತಂತಿಗಳನ್ನು ಮೀಟಿದವರು ಯಾರು? ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅವರ ಹೆಸರು ಕಂಡ ನೆನಪೇ ಇಲ್ಲ.

ಹೋದ ವರ್ಷ ದೇವನಹಳ್ಳಿಯ ಕಡೆ ಒಂದು ಬಯಲಿನಲ್ಲಿ ಮಗಳ ತಂಡದ ಕಾರ್ಯಕ್ರಮವಿತ್ತು. ನಾನೂ ಹೋದೆ. ಹಾಡುವ ಹುಡುಗ ಮುಂದೆ, ಗಿಟಾರಿನ ಹುಡುಗ ಅವನ ಪಕ್ಕ. ನನ್ನ ಮಗಳು ಡ್ರಮ್ಮಿನ ಹತ್ತಿರ ಅರೆಗತ್ತಲಲ್ಲಿ. ಮೂರನೆಯ ಹಾಡಿನ ನಡುವೆ ಯಾವುದೋ ವೈರು ಸಡಿಲಾಗಿ ಅವಳ ವಾದ್ಯ ನಿಂತುಹೋಯಿತು. ಹಾಡು ನಿಲ್ಲಲಿಲ್ಲ. ಡ್ರಮ್ಮೂ ಇತ್ತು, ಗಿಟಾರೂ ಇತ್ತು. ಆದರೆ ಎಲ್ಲವೂ ಕಾಲೂರಲು ಜಾಗವಿಲ್ಲದೆ ತೇಲಾಡಿದಂತಾಯಿತು. ಕುಣಿಯುತ್ತಿದ್ದ ಹುಡುಗ ಹುಡುಗಿಯರು ಏನಾಯಿತೆಂದು ತಿಳಿಯದೆಯೇ ನಿಧಾನಿಸಿದರು. ವೈರು ಸರಿಯಾದದ್ದೇ ತಡ, ಮತ್ತೆ ಎಲ್ಲರ ಮೈಗೂ ಲಯ ಬಂತು. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎನ್ನುತ್ತಾರಲ್ಲ, ಅದು ನೆನಪಾಯಿತು. ಉಪ್ಪನ್ನೂ ತಾಯಿಯನ್ನೂ ಒಂದೇ ಗಾದೆಯಲ್ಲಿ ಕಟ್ಟಿದವರು ಜಾಣರು. ಇವೆರಡೂ ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ.

ಕೊನೆಯಲ್ಲಿ ಹಾಡುಗಾರ ಒಬ್ಬೊಬ್ಬರನ್ನೇ ಹೆಸರು ಹೇಳಿ ಪರಿಚಯಿಸಿದ. ಚಪ್ಪಾಳೆ ಬಿತ್ತು. ನನ್ನ ಮಗಳ ಹೆಸರು ಮಾತ್ರ ಮರೆತ. ನನಗೆ ಹೊಟ್ಟೆ ಉರಿಯಿತು. ವಾಪಸು ಬರುವಾಗ ಕಾರಿನಲ್ಲಿ ಅವಳು ನಗುತ್ತಿದ್ದಳು. "ಹೋಗಲಿ ಬಿಡಮ್ಮ. ಬೇಸ್ ಇರೋದೇ ಹಿಂದೆ ನಿಲ್ಲೋಕೆ. ಎಲ್ಲರೂ ಮುಂದೆ ಬಂದರೆ ಹಾಡು ಎಲ್ಲಿರುತ್ತೆ?"

ಈ ಮಾತು ನನಗೆ ಹೊಸದಲ್ಲ. 1989ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಕೇಳಿದ್ದೇನೆ. 'ಹೆಣ್ಣು ಮನೆಯ ಅಡಿಪಾಯ. ಅಡಿಪಾಯ ಕಾಣಿಸಬಾರದು, ಕಾಣಿಸಿದರೆ ಮನೆ ಬಿದ್ದಂತೆಯೇ.' ಎಷ್ಟು ಚಂದದ ಹೊಗಳಿಕೆ! ಹೊಗಳುವವರು ಯಾವಾಗಲೂ ಮಹಡಿಯ ಮೇಲೆ ನಿಂತಿರುತ್ತಾರೆ ಎನ್ನುವುದೊಂದೇ ಅದರ ಐಬು. ನಾನು ನುಂಗಿಕೊಂಡ ಮಾತನ್ನೇ ಓದಿ ದುಡಿಯುವ ನನ್ನ ಮಗಳೂ ನಗುನಗುತ್ತ ಹೇಳುತ್ತಿದ್ದಾಳಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಕಾಣದೆ ದುಡಿಯುವುದು ಗುಣವೋ, ಗುಣವೆಂದು ನಮಗೆ ಕಲಿಸಿದ ಪಾಠವೋ?

ಆಮೇಲೆ ಬಿಡುವಾದಾಗಲೆಲ್ಲ ಅವಳ ಬೇಸಿನವರ ಕತೆಗಳನ್ನು ಕೇಳತೊಡಗಿದೆ. ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ ಬೇಸ್ ಹಿಡಿದದ್ದು ಆಸೆಪಟ್ಟಲ್ಲ. 1961ರಲ್ಲಿ ಇದ್ದವನು ಬಿಟ್ಟುಹೋದ, ಉಳಿದವರಿಗೆ ಅದು ಬೇಡವಾಗಿತ್ತು, ಇವನ ಪಾಲಿಗೆ ಬಂತು. ಆದರೆ ಅವನು ಹಾಡುಗಾರನೂ ಆಗಿದ್ದರಿಂದ ಹೆಸರಿಗೆ ಕೊರತೆಯಾಗಲಿಲ್ಲ. ಅವನ ಪಿಟೀಲಿನಾಕಾರದ ಮೊದಲ ಬೇಸ್ 1972ರಲ್ಲಿ ಕಳುವಾಗಿತ್ತು. ಲೋಕವೆಲ್ಲ ಹುಡುಕಿತು, ಅದು ಅವನ ಕೈಸೇರಿದ ಸುದ್ದಿ 2024ರಲ್ಲಿ ಬಂತು.

ಜೇಮ್ಸ್ ಜೇಮರ್ಸನ್ ಎಂಬವನ ಕತೆ ಬೇರೆ. ಅಮೆರಿಕದ ಡೆಟ್ರಾಯಿಟ್ ಊರಿನ ಮೋಟೌನ್ ಕಂಪನಿಯ ಅದೆಷ್ಟೋ ಜನಪ್ರಿಯ ಹಾಡುಗಳಲ್ಲಿ ಬೇಸ್ ನುಡಿಸಿದ ಕಪ್ಪು ವರ್ಣೀಯ. ನುಡಿಸಿದ್ದು ಬಹುತೇಕ ಒಂದೇ ತೋರುಬೆರಳಿನಲ್ಲಂತೆ. ನನ್ನ ಮಗಳು ದೇವರ ಪಟದ ಪಕ್ಕ ಇಡಬಹುದಾದಷ್ಟು ಭಕ್ತಿಯಿಂದ ಅವನ ಹೆಸರು ಹೇಳುತ್ತಾಳೆ. 1971ರಲ್ಲಿ ಮಾರ್ವಿನ್ ಗೇ ಹಾಡಿದ ಒಂದು ಆಲ್ಬಮ್ಮಿನವರೆಗೆ ಆ ರೆಕಾರ್ಡುಗಳ ಹೊದಿಕೆಯ ಮೇಲೆ ಅವನ ಹೆಸರಿರಲಿಲ್ಲ. 1983ರಲ್ಲಿ ಕಂಪನಿ ತನ್ನ 25 ವರ್ಷದ ಸಂಭ್ರಮ ಮಾಡಿದಾಗ ಅವನಿಗೆ ಕರೆಯಿಲ್ಲ. ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದನಂತೆ. ಅದೇ ವರ್ಷ 47ರ ವಯಸ್ಸಿನಲ್ಲಿ ತೀರಿಕೊಂಡ. ಅದಕ್ಕೆ ಸ್ವಲ್ಪ ಮೊದಲು ಅವನ ಬೇಸೂ ಕಳುವಾಯಿತು. ಅದು ಸಿಗಲೇ ಇಲ್ಲ.

ಇಲ್ಲಿ ನನಗೆ ಒಂದು ಎಳೆ ಸಿಕ್ಕಿತು. ಬೇಸ್ ತಗ್ಗಿದ ದನಿಯಲ್ಲಿರಬೇಕು ಎನ್ನುವುದು ಹಾಡಿನ ನಿಯಮ. ಅದು ಹಾಡುಗಾರನನ್ನು ಮುಳುಗಿಸಿದರೆ ಹಾಡು ಕೆಡುತ್ತದೆ. ಒಪ್ಪಿಕೊಳ್ಳೋಣ. ಆದರೆ ನುಡಿಸಿದವನ ಹೆಸರು ಹೊದಿಕೆಯ ಮೇಲಿದ್ದರೆ ಹಾಡಿನ ಯಾವ ಸ್ವರ ಕೆಡುತ್ತಿತ್ತು? ದನಿ ತಗ್ಗಿರಲಿ ಎಂದದ್ದು ಸಂಗೀತ. ಹೆಸರು ಬೇಡ, ಕೂಲಿ ಕಡಿಮೆ ಸಾಕು ಎಂದದ್ದು ಸಂಗೀತವಲ್ಲ, ಮನುಷ್ಯರು. ಈ ಎರಡನ್ನೂ ಒಂದೇ ಎಂಬಂತೆ ನಮಗೆ ಹೇಳಿಕೊಟ್ಟುಬಿಟ್ಟಿದ್ದಾರೆ. ಅಡುಗೆಯಲ್ಲಿ ಉಪ್ಪು ಕರಗಿರಬೇಕು, ನಿಜ. ಅಂಗಡಿಯವನು ಉಪ್ಪಿಗೂ ದುಡ್ಡು ತೆಗೆದುಕೊಳ್ಳುತ್ತಾನಲ್ಲ!

ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದೆ ನಿಲ್ಲೋದು ನನ್ನ ಇಷ್ಟ ಅಮ್ಮ. ನಾಳೆ ಬೇಡ ಅನ್ನಿಸಿದರೆ ಬಿಟ್ಟುಬರ್ತೀನಿ. ನಿನಗೆ ಹಾಗಿರಲಿಲ್ಲ" ಎಂದಳು. ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ಬಿಟ್ಟುಬರುವ ಬಾಗಿಲು ತೆರೆದಿದ್ದರೆ ಹಿಂದೆ ನಿಲ್ಲುವುದಕ್ಕೆ ಬೇರೆಯದೇ ಘನತೆ ಬರುತ್ತದೆ. ಗಂಗೂಬಾಯಿ ಹಾನಗಲ್ಲರ ಕಛೇರಿಗಳಲ್ಲಿ ಹಿಂದೆ ಕೂತು ದನಿಗೂಡಿಸುತ್ತಿದ್ದ ಮಗಳು ಕೃಷ್ಣಾ ಅವರನ್ನು ನೆನೆದೆ. 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ಆ ಜಾಗ ಅವರೇ ಆರಿಸಿಕೊಂಡದ್ದೋ, ತಾನಾಗಿ ಒದಗಿಬಂದದ್ದೋ? ಹೊರಗಿನಿಂದ ನೋಡುವ ನಾವು ಹೇಳಲಾರೆವು. ಅದಕ್ಕೇ ತ್ಯಾಗವೆಂದು ಹೊಗಳುವ ಮೊದಲು ಒಂದು ಕ್ಷಣ ತಡೆಯಬೇಕು.

ಬೇಸಿನವರೆಲ್ಲ ಹಿಂದೆಯೇ ನಿಂತವರೂ ಅಲ್ಲ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿಹೋದ ಐರನ್ ಮೇಡನ್ ತಂಡವನ್ನು ಕಟ್ಟಿದವನೇ ಅದರ ಬೇಸ್ ವಾದಕ ಸ್ಟೀವ್ ಹ್ಯಾರಿಸ್. ಮೈಸೂರಿನಲ್ಲಿ ಹುಟ್ಟಿದ ನಮ್ಮ ಸ್ವರಾತ್ಮ ತಂಡದಲ್ಲಿ ಜಿಷ್ಣು ದಾಸ್‌ಗುಪ್ತ ಬೇಸ್ ಹಿಡಿದೇ ಜನರೊಂದಿಗೆ ಮಾತಾಡಿ ನಗಿಸುತ್ತಾರೆ. ಮುಂಬಯಿಯ ಮೋಹಿನಿ ಡೇ ಎಂಬ ಹುಡುಗಿಯ ಬೆರಳುಗಳ ವೇಗವನ್ನು ನೋಡಿ ನಾನು ಬಾಯಿಬಿಟ್ಟೆ. "ನೀನೂ ಹೀಗೆ ಮುಂದೆ ಬಂದು ನುಡಿಸಬಾರದೇನೇ?" ಎಂದೆ. "ಅವಳು ದೊಡ್ಡವಳು ಕಣಮ್ಮ, ಆದರೆ ನನಗೆ ಕಡಿಮೆ ನುಡಿಸೋದೇ ಇಷ್ಟ" ಎಂದಳು. ಈ ವಿಷಯದಲ್ಲಿ ನಮ್ಮಿಬ್ಬರಿಗೂ ರಾಜಿಯಾಗಿಲ್ಲ.

ರಾಜಿಯಾಗದ ಇನ್ನೊಂದು ವಿಷಯ ಕ್ಯಾರಲ್ ಕೇ. 1935ರಲ್ಲಿ ಹುಟ್ಟಿದ ಈ ಹೆಂಗಸು ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದವಳು. 1963ರಲ್ಲಿ ಒಂದು ದಿನ ಬೇಸಿನವನು ಬರಲಿಲ್ಲ. ಅಂದು ಬೇಸ್ ಹಿಡಿದವಳು ಸಾವಿರಾರು ಧ್ವನಿಮುದ್ರಣಗಳಲ್ಲಿ ನುಡಿಸಿದಳು. ರೆಕಾರ್ಡಿನ ಮೇಲೆ ಹೆಸರು ಹಾಕುವ ಪದ್ಧತಿ ಅಲ್ಲೂ ಇರಲಿಲ್ಲ. ಕೊನೆಗೆ 2025ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಗೌರವಕ್ಕೆ ಆರಿಸಿದರೆ, ತೊಂಬತ್ತರ ಆಕೆ ಬರುವುದಿಲ್ಲ ಎಂದುಬಿಟ್ಟಳು. ಸ್ಟುಡಿಯೋದ ಕೆಲಸ ಎಲ್ಲರೂ ಸೇರಿ ಮಾಡಿದ್ದು, ಒಬ್ಬರನ್ನು ಎತ್ತಿ ತೋರಿಸುವ ಗೌರವ ಅದನ್ನು ಹೇಳುವುದಿಲ್ಲ ಎಂಬುದು ಆಕೆಯ ಮಾತಿನ ಸಾರ. ನನ್ನ ಮಗಳು ಕುಣಿದಾಡಿದಳು. ನಾನಾಗಿದ್ದರೆ ಒಳ್ಳೆಯ ಸೀರೆ ಉಟ್ಟು ಹೋಗಿ ತೆಗೆದುಕೊಂಡು ಬರುತ್ತಿದ್ದೆ. ಆದರೆ ಆಕೆಯ ಮಾತು ಮನಸ್ಸಿನಲ್ಲಿ ಉಳಿಯಿತು. ನನ್ನ ಜೊತೆಗಿದ್ದವರು ಯಾರು?

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮದುವೆಯಾದ ಹೊಸದರಲ್ಲಿ ನೇಕಾರರ ವಿವರ ಬರೆದುಕೊಳ್ಳಲು ಒಬ್ಬರು ಫಾರಂ ಹಿಡಿದು ಬಂದಿದ್ದರು. ಮಾವನವರನ್ನೂ ನಮ್ಮ ಮನೆಯವರನ್ನೂ ನೇಕಾರರೆಂದು ಬರೆದುಕೊಂಡು, ಅತ್ತೆಯ ಕಡೆ ನೋಡಿ "ಇವರು?" ಎಂದರು. ನಾನೇ ಥಟ್ಟನೆ "ಅವರು ಮನೇಲೇ ಇರ್ತಾರೆ" ಎಂದೆ. ಹಾಗೆಂದಾಗ ಅತ್ತೆಯ ಕೈ ರಾಟೆಯ ಮೇಲಿತ್ತು. ಬೆಳಗಿನ ಐದರಿಂದ ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆಯಿಲ್ಲದೆ ಲಾಳಿ ಓಡದು, ಲಾಳಿ ಓಡದೆ ಹಾಸಿಗೆ ಹೊಕ್ಕು ಸೇರದು. ಆ ಮಾತು ಕೇಳಿ ಅವರು ನನ್ನನ್ನೊಮ್ಮೆ ನೋಡಿದರು, ಏನೂ ಹೇಳಲಿಲ್ಲ. ಈಗ ಅವರಿಲ್ಲ. ಮಗಳ ಹೆಸರು ಮರೆತ ಹಾಡುಗಾರನ ಮೇಲೆ ಸಿಟ್ಟಾದ ನಾನು ಅದನ್ನೇ ಮಾಡಿದ್ದೆ. ಅವನು ಮರೆತಿದ್ದ. ನಾನು ಕಣ್ಣೆದುರೇ ನೋಡುತ್ತ ಹೇಳಿದ್ದೆ.

ಈಗ ನಮ್ಮಲ್ಲಿ ಇಬ್ಬರು ಹೆಂಗಸರು ಕಂಡಿಕೆ ಸುತ್ತಲು ಬರುತ್ತಾರೆ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಇಷ್ಟು ವರ್ಷ 'ಕಂಡಿಕೆಯವರು – 2' ಎಂದು ಬರೆದು ಮೊತ್ತ ಹಾಕುತ್ತಿದ್ದೆ. ಹೋದ ತಿಂಗಳಿಂದ ಒಬ್ಬೊಬ್ಬರ ಹೆಸರು ಬರೆದು, ಎದುರಿಗೆ ಅವರು ಸುತ್ತಿದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ಮನೆಯವರು "ಇದೇನು ಹೊಸ ಶಾಸ್ತ್ರ?" ಎಂದರು. ಈ ಬರಹದಲ್ಲೂ ಅವರ ಹೆಸರು ಹಾಕಲೇ ಎಂದು ಆ ಇಬ್ಬರನ್ನು ಕೇಳಿದೆ. ಒಬ್ಬಾಕೆ ನಾಚಿ ತಲೆಯಾಡಿಸಿದಳು. ಇನ್ನೊಬ್ಬಾಕೆ ಎಳೆ ಕೂಡಿಸುತ್ತಿದ್ದ ಕೈ ನಿಲ್ಲಿಸದೆಯೇ ಹೇಳಿದಳು:

"ಪುಸ್ತಕದಲ್ಲಿ ಬೇಡ ಬಿಡಕ್ಕ. ಕೂಲಿ ಯಾವಾಗ ಜಾಸ್ತಿ ಮಾಡ್ತೀರ, ಅದು ಹೇಳಿ."

ಅವಳಿಗೆ ಏನು ಹೇಳಬೇಕೆಂದು ನಮ್ಮ ಮನೆಯವರಿಗೂ ನನಗೂ ಮೂರು ದಿನದಿಂದ ಮಾತು ನಡೆದಿದೆ. ಮಗಳನ್ನು ಕೇಳಿದರೆ ನನ್ನ ಉಪ್ಪಿನ ಮಾತನ್ನು ನನಗೇ ತಿರುಗಿ ಹೇಳುತ್ತಾಳೆ.